ಕುದ್ರಿನ ಕುಡಿಕೆಮನೆ

ಈಗ ಅಲ್ಲಿ ನೀರು ಮಾತ್ರ ಉಂಟು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಹಿಂದೆ ಒಂದು ಕುದ್ರು ಇತ್ತು. ಕುದ್ರು ಅಂದರೆ ನೀರಿನ ನಡುವಿನ ಗಡ್ಡೆ, ನಮ್ಮ ಕಡೆಯ ಮಾತು. ಕುದ್ರಿನ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಒಂದು ಮನೆ. ಪೇಟೆಯಿಂದ ಬಂದ ದೊಡ್ಡವರು ಅದನ್ನು ದಫ್ತರಖಾನೆ ಎಂದರು. ಕುದ್ರಿನವರು ಕುಡಿಕೆಮನೆ ಎಂದರು. ನಾವು ದಡದವರು ಏನೂ ಅನ್ನಲಿಲ್ಲ. ದಿನಾ ನೋಡುವುದಕ್ಕೆ ಯಾರು ಹೆಸರಿಡುತ್ತಾರೆ?

ಆ ಮನೆಯ ಕಥೆ ಹೇಳುತ್ತೇನೆ. ಅಲ್ಲಿ ನಡೆದದ್ದು ನಾನು ಕಂಡದ್ದಲ್ಲ. ನಮ್ಮ ದಡದ ದೋಣಿಯವನು ಕಂಡದ್ದು, ಅವನು ಹೇಳಿದ್ದು, ನಾವು ಕೇಳಿದ್ದು. ಅವನು ಸುಳ್ಳು ಹೇಳುವ ಪೈಕಿ ಅಲ್ಲ. ಸುಳ್ಳು ಹೇಳುವುದಕ್ಕೆ ಬೇಕಾದಷ್ಟು ಮಾತೇ ಅವನಲ್ಲಿ ಇರಲಿಲ್ಲ.

ಕುದ್ರಿಗೆ ಮೊದಲು ಬಂದವರು ನಡೆದದ್ದನ್ನೆಲ್ಲ ಓಲೆಯಲ್ಲಿ ಬರೆದರಂತೆ. ಉಪ್ಪುಗಾಳಿ ಓಲೆಯನ್ನು ತಿಂದಿತು. ಹಲಗೆಯಲ್ಲಿ ಕೊರೆದರು. ಗೆದ್ದಲು ಹಲಗೆಯನ್ನು ತಿಂದಿತು. ಕಲ್ಲಿನಲ್ಲಿ ಕೆತ್ತುವ ಎಂದರೆ ಕುದ್ರಿನಲ್ಲಿ ಕಲ್ಲೇ ಇಲ್ಲ, ಬರೀ ಮಣ್ಣು, ತೆಂಗು, ಮತ್ತೆ ಜಗಳ. ಬಲೆ ಒಣಗಿಸುವ ಜಾಗ ನಿನ್ನದೋ ನನ್ನದೋ ಎಂದು ಅಣ್ಣತಮ್ಮಂದಿರಿಬ್ಬರು ದಿನಾ ಹೊಡೆದಾಡುತ್ತಿದ್ದರು. ಬೆಳಿಗ್ಗೆ ಕೊಟ್ಟ ಮಾತನ್ನು ಸಂಜೆ ಇಲ್ಲ ಎನ್ನುತ್ತಿದ್ದರು. ಒಬ್ಬಳು ಮುದುಕಿಗೆ ರೋಸಿಹೋಯಿತು. ಅವರಿಬ್ಬರೂ ಮಾತು ಕೊಡುತ್ತಿದ್ದ ಹೊತ್ತಿಗೆ ಅವರ ಕಾಲಬುಡದಿಂದಲೇ ಒಂದು ಹಿಡಿ ಮಣ್ಣು ಎತ್ತಿ ಕುಡಿಕೆಗೆ ಹಾಕಿ, ಬಾಯಿಗೆ ಮೇಣ ಮೆತ್ತಿದಳು.

"ಇಕೊಳ್ಳಿ," ಎಂದಳು. "ನೀವು ನಿಂತ ನೆಲ ಇದರೊಳಗೆ ಉಂಟು. ಇನ್ನು ಇಲ್ಲ ಅನ್ನಿ, ನೋಡುವ."

ಅವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅದೇ ಮೊದಲ ಕುಡಿಕೆ.

ಆಮೇಲೆ ಮಗು ಹುಟ್ಟಿದಲ್ಲಿಂದ ಒಂದು ಹಿಡಿ ತಂದರು. ಮದುವೆಯಾದಲ್ಲಿಂದ ಒಂದು ಹಿಡಿ, ಸತ್ತಲ್ಲಿಂದ ಒಂದು ಹಿಡಿ. ಮಣ್ಣು ತರುವವರು ಬರಿಗಾಲಲ್ಲಿ, ಎರಡು ಕೈ ಬೊಗಸೆ ಮಾಡಿ, ಯಾರೊಡನೆಯೂ ಮಾತಾಡದೆ ದಿಬ್ಬ ಹತ್ತಿ ಬರಬೇಕು. ಕುಡಿಕೆಗಳನ್ನು ಕಾಯುವವನಿಗೆ ಉಗ್ರಾಣಿ ಎಂದು ಹೆಸರು, ಅಪ್ಪನಿಂದ ಮಗನಿಗೆ ಬಂದ ಕೆಲಸ. ಅವನು ಹೊಸ್ತಿಲಲ್ಲಿ ನಿಂತು ಕೇಳುತ್ತಾನೆ: ಏನು ನಡೆಯಿತು? ಬಂದವರು ಹೇಳುತ್ತಾರೆ. ಎಲ್ಲಿ ನಡೆಯಿತು? ಬಂದವರು ಬೊಗಸೆ ಮುಂದೆ ಚಾಚುತ್ತಾರೆ. ಉಗ್ರಾಣಿ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಾನೆ. ಯಾವ ಅಂಗಳದ ಮಣ್ಣು ಎಂದು ಅವನಿಗೆ ಗೊತ್ತಾಗುತ್ತದೆ. ಆಮೇಲೆ ಹೇಳುತ್ತಾನೆ: ನಡೆಯಿತು. ಸುತ್ತ ನಿಂತವರೆಲ್ಲ ಹೇಳುತ್ತಾರೆ: ನಡೆಯಿತು.

ಮಣ್ಣು ಸರಿಯಿಲ್ಲದಿದ್ದರೆ ಅವನು ಚಿಟಿಕೆಯನ್ನು ಉಗಿದು ಹೇಳುತ್ತಾನೆ: ನಡೆದಿಲ್ಲ. ಸುತ್ತ ನಿಂತವರೆಲ್ಲ ಹೇಳುತ್ತಾರೆ: ನಡೆದಿಲ್ಲ. ಅಲ್ಲಿಗೆ ಮುಗಿಯಿತು, ಅದು ನಡೆದಿಲ್ಲ. ಕಣ್ಣಾರೆ ಕಂಡವರಿಗೂ ನಡೆದಿಲ್ಲ.

ಇದರಿಂದ ಕಿಲಾಡಿಗಳಿಗೆ ಹಬ್ಬವಾಯಿತು. ಒಬ್ಬ ಪಕ್ಕದ ಮನೆಯ ತೆಂಗಿನಮರ ಹತ್ತಿ, ಕಾಯಿ ಕೊಯ್ಯುವಾಗಲೇ ಸಿಕ್ಕಿಬಿದ್ದ. ಎಲ್ಲಿ ಕದ್ದ? ಮರದ ತುದಿಯಲ್ಲಿ. ಮರದ ತುದಿಯಲ್ಲಿ ಮಣ್ಣುಂಟಾ? ಇಲ್ಲ. ಹಾಗಾದರೆ ನಡೆದಿಲ್ಲ, ಹೋಗು. ಗಂಡನಿಗೆ ನಾಲ್ಕು ಬಾರಿಸಬೇಕು ಅನ್ನಿಸಿದ ಹೆಂಗಸರು "ಅಟ್ಟಕ್ಕೆ ಬನ್ನಿ, ಒಂದು ಮಾತುಂಟು" ಎಂದು ಕರೆಯುತ್ತಿದ್ದರಂತೆ. ಪಾಪ, ಗಂಡಸರು ಏಣಿ ಕಂಡರೆ ಬೆವರುತ್ತಿದ್ದರಂತೆ.

ನಗಾಡಿದ್ದು ಸಾಕು, ಮುಂದೆ ಕೇಳಿ. ಒಮ್ಮೆ ಒಬ್ಬ ಉಗ್ರಾಣಿಯ ಕೈಜಾರಿ ಒಂದು ಕುಡಿಕೆ ಒಡೆಯಿತು. ಮಣ್ಣು ನೆಲದ ಮಣ್ಣಿನೊಂದಿಗೆ ಸೇರಿಹೋಯಿತು. ಅದು ಯಾರದೋ ಮದುವೆಯ ಕುಡಿಕೆ, ಅಲ್ಲಿಗೆ ಆ ಮದುವೆ ನಡೆದಿಲ್ಲ. ಆ ಗಂಡಹೆಂಡಿರಿಗೆ ಮೊಮ್ಮಕ್ಕಳಾಗಿದ್ದರು. ಆದರೂ ಅವತ್ತು ಸಂಜೆಯೇ ಹೆಂಡತಿ ತನ್ನ ಸೀರೆಗಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ನಡೆದಳು. ಆ ಮನೆಗೂ ಗಂಡನ ಮನೆಗೂ ನಡುವೆ ಒಂದು ಬೇಲಿ. ಸಾಯುವವರೆಗೂ ಅವಳು ಬೇಲಿಯ ಮೇಲಿಂದ ಮಜ್ಜಿಗೆ ಕೊಡುತ್ತಿದ್ದಳು, ಅವನು ತಲೆ ತಗ್ಗಿಸಿ ಪರಸ್ತ್ರೀಯಿಂದ ತೆಗೆದುಕೊಂಡ ಹಾಗೆ ತೆಗೆದುಕೊಳ್ಳುತ್ತಿದ್ದ. ಇಷ್ಟು ಕಟ್ಟುನಿಟ್ಟು. ಇದಕ್ಕೆ ಏನು ಹೇಳುತ್ತೀರಿ?

ಸಮುದ್ರಕ್ಕೆ ಹೋಗಿ ಮರಳದ ಗಂಡಸರ ಸಂಗತಿ ಇದಕ್ಕಿಂತ ಕಷ್ಟ. ಮುಳುಗಿದ ಜಾಗದಲ್ಲಿ ಮಣ್ಣಿಲ್ಲ. ಹಾಗಾಗಿ ಅವರು ಸತ್ತಿಲ್ಲ. ಅವರ ಹೆಂಡಂದಿರು ಅಳುವಂತಿಲ್ಲ, ತಿಥಿ ಮಾಡುವಂತಿಲ್ಲ. ದಿನಾ ಸಂಜೆ ಗಂಡನ ಬಟ್ಟಲಿಗೆ ಗಂಜಿ ಹಾಕಿ ಬಾಗಿಲ ಎದುರು ಇಡಬೇಕು. ಬೆಳಿಗ್ಗೆ ಅದನ್ನು ಕಾಗೆಗೆ ಚೆಲ್ಲಿ ಬಟ್ಟಲು ತೊಳೆಯಬೇಕು. ಸಂಜೆ ದೋಣಿಯಲ್ಲಿ ಕುದ್ರು ಬಳಸಿ ಹೋದರೆ ಬಾಗಿಲು ಬಾಗಿಲಲ್ಲೂ ಆವಿಯಾಡುವ ಬಟ್ಟಲು ಕಾಣುತ್ತಿತ್ತು ಎಂದು ದೋಣಿಯವನು ಹೇಳುತ್ತಿದ್ದ. ಅದನ್ನು ಹೇಳುವಾಗ ಅವನು ನಮ್ಮ ಮುಖ ನೋಡುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ಕುಡಿಕೆ ಎಲ್ಲಿ, ಮೈ ಅಲ್ಲಿ. ಹುಟ್ಟಿನ ಕುಡಿಕೆ ಇದ್ದವರು ಹಗಲು ದಡಕ್ಕೆ ಬಂದು ಮೀನು ಮಾರಿ ಹೋಗಬಹುದು, ರಾತ್ರಿ ಕುದ್ರಿನಲ್ಲೇ ಮಲಗಬೇಕು. ನೀರು ಏರಿದ ದಿನ ಉಗ್ರಾಣಿ ಕೊಂಬು ಊದುತ್ತಾನೆ. ಆಗ ಎಲ್ಲರೂ ಕುಡಿಕೆಮನೆಗೆ ಹತ್ತಿ ತಂತಮ್ಮ ಕುಡಿಕೆಯ ಪಕ್ಕ ಕೂರಬೇಕು. ದೋಣಿ ಏರುವಂತಿಲ್ಲ.

ಆ ಕುದ್ರಿನಲ್ಲಿ ಚಾಪೆ ಹೆಣೆಯುವ ಒಬ್ಬಳು ಹೆಂಗಸು ಇದ್ದಳು. ಬಸುರಿಯಾಗಿದ್ದಾಗಲೇ ಅವಳ ಗಂಡ ಸಮುದ್ರಕ್ಕೆ ಹೋದ, ಬರಲಿಲ್ಲ. ಅವಳೂ ಬಾಗಿಲಲ್ಲಿ ಬಟ್ಟಲು ಇಡತೊಡಗಿದಳು. ಹೆರಿಗೆಯ ನೋವು ಬಂದಾಗ ಮಗು ಅಡ್ಡ ಬಿದ್ದಿತ್ತು. ದಡದಲ್ಲಿ ಕೈಗುಣವಿದ್ದ ಸೂಲಗಿತ್ತಿ ಇದ್ದಳು. ಉಗ್ರಾಣಿ ಅಪ್ಪಣೆ ಕೊಟ್ಟ. ನಮ್ಮ ದೋಣಿಯವನು ಹೋಗಿ ಬಸುರಿಯನ್ನು ಹತ್ತಿಸಿಕೊಂಡ. ಅಳಿವೆಯ ನಟ್ಟನಡುವೆ, ಬಲೆ ಕಟ್ಟುವ ಎರಡು ಮೀನುಗೂಟಗಳ ಮಧ್ಯೆ ದೋಣಿ ಬಂದಾಗ ಮಗು ತಾನಾಗಿಯೇ ತಿರುಗಿ ಹೊರಗೆ ಬಂತು. ದೋಣಿಯವನು ಬೆನ್ನು ತಿರುಗಿಸಿ, ಕೋಲನ್ನು ಅಪ್ಪಿ ಹಿಡಿದು ಕೂತಿದ್ದ.

ಹೆಣ್ಣು ಮಗು. ದಡದಲ್ಲಿ ಸೂಲಗಿತ್ತಿ ಹೊಕ್ಕುಳಬಳ್ಳಿ ಕೊಯ್ದು, ಬಿಸಿನೀರು ಹಾಕಿ, ಎಲ್ಲ ಕೇಳಿಕೊಂಡು ಹೇಳಿದಳು: "ಮಾರಾಯ್ತಿ, ಇದನ್ನು ಇಲ್ಲೇ ಬಿಟ್ಟು ಹೋಗು. ನಾನು ಸಾಕುತ್ತೇನೆ. ಅಲ್ಲಿ ಇದಕ್ಕೆ ಬದುಕಿಲ್ಲ."

"ನನ್ನದನ್ನು ನಾನು ಬಿಡುದಾ?" ಎಂದಳು ಅವಳು. ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದೆ ಹೋದಳು.

ದಿಬ್ಬ ಹತ್ತಿದಳು. ಹೊಸ್ತಿಲಲ್ಲಿ ಉಗ್ರಾಣಿ ಕೇಳಿದ: ಏನು ನಡೆಯಿತು?

"ಮಗಳು ಹುಟ್ಟಿದಳು, ಒಡೆಯರೇ."

ಎಲ್ಲಿ ನಡೆಯಿತು?

ಅವಳ ತೋಳಲ್ಲಿ ಮಗು ಇತ್ತು, ಬೊಗಸೆಯಲ್ಲಿ ಏನೂ ಇರಲಿಲ್ಲ. "ನೀರಿನ ಮೇಲೆ," ಎಂದಳು.

ಉಗ್ರಾಣಿ ಕೆಟ್ಟವನಲ್ಲ, ಅದೇ ತಾಪತ್ರಯ. ಅವನು ಮಗುವಿನ ಮುಖ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸಿ ಹೇಳಿದ: ನಡೆದಿಲ್ಲ. ಸುತ್ತ ನಿಂತವರೆಲ್ಲ ಹೇಳಿದರು: ನಡೆದಿಲ್ಲ. ಮಗು ಅಳತೊಡಗಿತು. ಯಾರಿಗೂ ಕೇಳಿಸಲಿಲ್ಲ.

ಅವಳು ಮಗಳಿಗೆ ಲಚ್ಚು ಎಂದು ಹೆಸರಿಟ್ಟಳು, ತನ್ನಷ್ಟಕ್ಕೇ. ಲಚ್ಚು ಸರಸರ ಬೆಳೆದಳು. ಹುಟ್ಟದವಳಿಗೆ ಬಟ್ಟಲಿಲ್ಲ, ಹಾಗಾಗಿ ಸಂಜೆ ಬಾಗಿಲಲ್ಲಿ ಇಟ್ಟ ಅಪ್ಪನ ಗಂಜಿಯನ್ನು ಅವಳು ಉಣ್ಣುತ್ತಿದ್ದಳು. ಸಾಯದವನ ಪಾಲು ಹುಟ್ಟದವಳ ಹೊಟ್ಟೆಗೆ. ಊರಿನ ಹೆಂಗಸರು ಬಾವಿಕಟ್ಟೆಯಲ್ಲಿ "ನಿನ್ನ ಗಂಡ ಚೆನ್ನಾಗಿ ಉಣ್ಣುತ್ತಾನಲ್ಲ ಈಗ, ಬಟ್ಟಲು ಖಾಲಿ ಇರುತ್ತದೆ" ಎನ್ನುತ್ತಿದ್ದರು, ಅವಳ ಸೊಂಟದ ಮೇಲೆ ಕೂತ ಮಗುವಿನ ಆಚೆ ನೋಡುತ್ತ.

ಹುಡುಗಿಗೆ ಅದರಿಂದ ಬೇಸರವೇನೂ ಇರಲಿಲ್ಲ, ಕೇಳಿ. ಯಾರದೋ ಅಂಗಳದ ಮಾವಿನಕಾಯಿ ಕೊಯ್ದರೆ ಬೈಯುವವರಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಯ ನಡುವೆ ನುಗ್ಗಿ ಹೋಳಿಗೆ ಎತ್ತಿದರೆ ತಡೆಯುವವರಿಲ್ಲ. ಕಾಣದ ಹುಡುಗಿಯನ್ನು ಹಿಡಿಯುವುದು ಹೇಗೆ? ಬೇಸರವೆಲ್ಲ ತಾಯಿಯದು. ಮಗಳಿಗೆ ಜ್ವರ ಬಂದಾಗ ಮದ್ದಿನವಳು ತಾಯಿಯ ಕೈ ಹಿಡಿದು ನಾಡಿ ನೋಡಿ "ನಿನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀಯಲ್ಲ" ಎಂದು ಕಳಿಸಿದಳು.

ಆಮೇಲೆ ಹೊಂಡದ ದಿನ ಬಂತು. ಹೊಂಡದ ಸಂಗತಿ ಹೇಳಬೇಕು. ಮೊದಮೊದಲು ಹಿಡಿಯಷ್ಟೇ ಮಣ್ಣು ತರುತ್ತಿದ್ದವರು ಬರಬರುತ್ತ ಜಂಬಕ್ಕೆ ಬಿದ್ದಿದ್ದರು. ಅವರ ಮಗನ ಮದುವೆಗೆ ಕುಡಿಕೆ ತುಂಬ ಮಣ್ಣಾದರೆ ನಮ್ಮ ಮಗನ ಮದುವೆಗೆ ಕೊಡಪಾನ ತುಂಬ. ಇನ್ನೊಬ್ಬರದು ಹಂಡೆ ತುಂಬ. ಕುಡಿಕೆಮನೆ ಹಿಂದಕ್ಕೂ ಪಕ್ಕಕ್ಕೂ ಬೆಳೆಯುತ್ತ ಹೋಯಿತು, ಅಂಗಳಗಳು ತಗ್ಗುತ್ತ ಹೋದವು. ಒಂದೊಂದು ಮನೆಯ ಮುಂದೂ ಹೊಂಡ, ಹೊಂಡದಲ್ಲಿ ಉಪ್ಪುನೀರು. ಹಂಡೆ ಹೊತ್ತು ದಿಬ್ಬ ಹತ್ತುವುದು ಯಾರಿಗೆ ಬೇಕು ಎಂದು ಮದುವೆ, ಮುಂಜಿ, ನಾಮಕರಣ, ರಾಜಿಪಂಚಾಯಿತಿ ಎಲ್ಲವನ್ನೂ ದಿಬ್ಬದ ಬುಡದಲ್ಲೇ ನಡೆಸಲು ಶುರುಮಾಡಿದರು. ಅಲ್ಲೇ ನಡೆಯಿತು, ಅಲ್ಲೇ ಅಗೆದರು, ಅಲ್ಲೇ ಮೇಲೆ ಇಟ್ಟರು. ಎಷ್ಟು ಸಸಾರ, ಅಲ್ಲವೇ! ತಲೆಮಾರುಗಟ್ಟಲೆ ದಿಬ್ಬದ ಬುಡವನ್ನು ತೆಗೆದು ತೆಗೆದು ದಿಬ್ಬದ ತಲೆಯ ಮೇಲೆ ಹೇರಿದರು.

ಲಚ್ಚು ಆಡುತ್ತ ಒಂದು ಹೊಂಡಕ್ಕೆ ಬಿದ್ದಳು. ಹಗಲು ಹೊತ್ತು. ಬಲೆ ಹೊತ್ತ ಗಂಡಸರು ಪಕ್ಕದಲ್ಲೇ ಹೋಗುತ್ತಿದ್ದರು. ಹುಡುಗಿ ಕೈಯೆತ್ತಿ ಕೂಗಿದಳು, ನೀರು ಕುಡಿದಳು, ಮತ್ತೆ ಕೂಗಿದಳು. ಗಂಡಸರು ಬಲೆಯ ತೂತಿನ ಬಗ್ಗೆ ಮಾತಾಡುತ್ತ ಹೋದರು. ಅವರಲ್ಲಿ ಒಬ್ಬ ಮಾತ್ರ ನಡಿಗೆ ನಿಧಾನ ಮಾಡಿದ. ಅವನು ಅವಳ ಸ್ವಂತ ಚಿಕ್ಕಪ್ಪ. ನಿಧಾನ ಮಾಡಿ, ಮತ್ತೆ ಉಳಿದವರನ್ನು ಸೇರಿಕೊಂಡ. ತಾಯಿ ಓಡಿ ಬಂದು ಮಗಳ ಜುಟ್ಟು ಹಿಡಿದು ಎಳೆದಾಗ ಹುಡುಗಿಯ ತುಟಿ ನೀಲಿಯಾಗಿತ್ತು.

ಅವತ್ತಿನಿಂದ ತಾಯಿಗೆ ಒಂದೇ ಹಟ. ಮಗಳಿಗೆ ಕುಡಿಕೆ ಬೇಕು. ದಿನಾ ದಿಬ್ಬ ಹತ್ತಿ ಉಗ್ರಾಣಿಯ ಎದುರು ನಿಲ್ಲುತ್ತಿದ್ದಳು.

"ಒಡೆಯರೇ, ಅವಳು ಬಿದ್ದರೆ ಎತ್ತುವವರಿಲ್ಲ. ಸತ್ತರೆ ಹೂಳುವ ಜಾಗವಿಲ್ಲ. ಹುಟ್ಟಿದ್ದಾಳೆ ಅಂತ ಒಂದು ಮಾತು ಹೇಳಿ, ನಿಮ್ಮ ಕಾಲಿಗೆ ಬೀಳುತ್ತೇನೆ."

"ಮಣ್ಣು ತಾ, ಹೇಳುತ್ತೇನೆ."

"ನೀರಿನ ಮೇಲೆ ಮಣ್ಣು ಎಲ್ಲಿಂದ ತರುದು?"

"ನಾನು ಎಲ್ಲಿಂದ ಹೇಳುದು, ತಂಗೀ?" ಎನ್ನುತ್ತಿದ್ದ ಉಗ್ರಾಣಿ. ಅವನ ದನಿಯಲ್ಲಿ ಮರುಕವೇ ಇತ್ತು. ಸುಡಲಿ ಅವನ ಮರುಕ.

ಅವಳು ದಡಕ್ಕೆ ಬಂದಾಗಲೆಲ್ಲ ದೋಣಿಯವನನ್ನು ಕಾಡುತ್ತಿದ್ದಳು. "ಅಣ್ಣಾ, ಆ ಜಾಗ ನೆನಪುಂಟಾ?" "ಉಂಟು." "ಅಲ್ಲಿ ಎಷ್ಟು ಆಳ?" "ನನ್ನ ಕೋಲಿಗೆ ತಳ ಸಿಗುವುದಿಲ್ಲ." ವರ್ಷ ಕಳೆದು ಕೇಳಿದರೆ ಕೋಲಿಗೆ ತಳ ಸಿಕ್ಕಿತ್ತು. ಮತ್ತೆ ವರ್ಷ ಕಳೆದು ಕೇಳಿದರೆ ಅರ್ಧ ಕೋಲು. ಮೀನುಗೂಟಗಳ ನಡುವೆ, ನೀರಿನಡಿ, ಎಲ್ಲಿಂದಲೋ ಮಣ್ಣು ಬಂದು ಕೂರುತ್ತಿತ್ತು. ಅವಳು ಹಿಗ್ಗಿದಳು. ನಾವು ದಡದವರೂ ಅವಳ ಜೊತೆ ಹಿಗ್ಗಿದೆವು. ಅದು ಎಲ್ಲಿಂದ ಬರುತ್ತಿದೆ ಎಂದು ಯಾರೊಬ್ಬರೂ ಕೇಳಲಿಲ್ಲ ನೋಡಿ.

ಲಚ್ಚುವಿಗೆ ಮುಂದಿನ ಹಲ್ಲು ಬಿದ್ದು ಹೊಸತು ಬಂದ ವರ್ಷ, ದೊಡ್ಡ ಇಳಿತದ ಒಂದು ಬೆಳಿಗ್ಗೆ, ಆ ಜಾಗದಲ್ಲಿ ನೆಲ ಮೇಲೆದ್ದಿತು. ಒಂದು ಚಾಪೆಯಷ್ಟು ಅಗಲ, ಒದ್ದೆ, ಕೆಂಪು. ದೋಣಿಯವನು ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋದ. ತಾಯಿ ದೋಣಿಯಿಂದ ಇಳಿದು ಮೊಣಕಾಲೂರಿ, ಎರಡೂ ಕೈಯಿಂದ ಮಣ್ಣು ಬಾಚಿ ಎದೆಗೆ ಒತ್ತಿಕೊಂಡಳು. ಗೊಳೋ ಎಂದು ಅತ್ತಳು. ಲಚ್ಚು ಆ ನೆಲದ ಮೇಲೆ ಒಂಟಿ ಕಾಲಲ್ಲಿ ಕುಣಿದಳು. ಭರತದ ನೀರು ಏರುವ ಮೊದಲು ಮೂವರೂ ಹೊರಟರು.

ಹೊಸ್ತಿಲಲ್ಲಿ ಉಗ್ರಾಣಿ ಕೇಳಿದ: ಏನು ನಡೆಯಿತು? "ಮಗಳು ಹುಟ್ಟಿದಳು." ಎಲ್ಲಿ ನಡೆಯಿತು? ಅವಳು ಬೊಗಸೆ ಚಾಚಿದಳು. ಕೆಂಪು ನೀರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ಉಗ್ರಾಣಿ ಚಿಟಿಕೆ ನಾಲಿಗೆಗೆ ಇಟ್ಟು ಕಣ್ಣು ಮುಚ್ಚಿದ. ಮುಚ್ಚಿದವನು ಒಮ್ಮೆಲೇ ತೆರೆದ. ಇನ್ನೊಂದು ಚಿಟಿಕೆ ತೆಗೆದ. ಅವನ ಮುಖ ಬಿಳಿಚಿತು. ಬಾಗಿಲಿನಿಂದ ದಿಬ್ಬದ ಬುಡವನ್ನು ಇಣುಕಿ ನೋಡಿದ, ಕೈಯ ಮಣ್ಣು ನೋಡಿದ.

"ಇದು ನಮ್ಮದೇ ಮಣ್ಣು," ಎಂದ, ಪಿಸುದನಿಯಲ್ಲಿ. "ಈ ದಿಬ್ಬದ್ದು. ಇದು ಅಲ್ಲಿಗೆ ಹೇಗೆ ಹೋಯಿತು?"

"ನನಗೆ ಅದೆಲ್ಲ ಬೇಡ, ಒಡೆಯರೇ. ಜಾಗ ಅದೇ. ಮಣ್ಣು ಅಲ್ಲಿಯದೇ. ದೋಣಿಯಣ್ಣನನ್ನು ಕೇಳಿ."

ದೋಣಿಯವನು ಹೌದೆಂದು ತಲೆಯಾಡಿಸಿದ. ಕಟ್ಟಳೆ ಕಟ್ಟಳೆಯೇ. ಉಗ್ರಾಣಿ ಗಂಟಲು ಸರಿಮಾಡಿಕೊಂಡು ಹೇಳಿದ: ನಡೆಯಿತು. ಸುತ್ತ ನಿಂತವರೆಲ್ಲ ಹೇಳಿದರು: ನಡೆಯಿತು. ಹೇಳಿದ ಕೂಡಲೇ ಎಲ್ಲರ ಕಣ್ಣು ಲಚ್ಚುವಿನ ಮೇಲೆ ಬಿತ್ತು.

"ಅಯ್ಯಯ್ಯೋ, ಎಷ್ಟು ಚಂದ ಉಂಟಲ್ಲ ಕೂಸು! ಅಪ್ಪನದೇ ಮೂಗು!" ಎಂದಳು ಬಾವಿಕಟ್ಟೆಯ ಹೆಂಗಸು. ಚಿಕ್ಕಪ್ಪ ಮುಂದೆ ಬಂದು ಅವಳ ತಲೆ ಮುಟ್ಟಿ ಹುಚ್ಚನ ಹಾಗೆ ಅಳತೊಡಗಿದ. ಮಾರನೆಯ ದಿನ ತೊಟ್ಟಿಲು ಕಟ್ಟಿದರು. ಹಲ್ಲು ಬಂದ, ಮರಗಿಡ ಹತ್ತಿ ಮೊಣಕಾಲು ತರಚಿಕೊಂಡ ಹುಡುಗಿಯನ್ನು ತೊಟ್ಟಿಲಲ್ಲಿ ಮಲಗಿಸಿ, ಕಾಲು ಹೊರಗೆ ಚಾಚಿಕೊಂಡಿದ್ದರೂ ಜೋಗುಳ ಹಾಡಿದರು. ಅವಳಿಗೊಂದು ಬಟ್ಟಲು ಬಂತು. ಜೊತೆಗೆ ನೀರು ಹೊರುವ ಕೆಲಸ, ಮರ ಹತ್ತಿದರೆ ಬೈಗುಳ, ಹೋಳಿಗೆ ಎತ್ತಿದರೆ ಏಟು. "ಹುಟ್ಟದಿದ್ದಾಗಲೇ ಒಳ್ಳೆಯದಿತ್ತಮ್ಮ" ಎಂದು ಅವಳು ಮುಖ ಊದಿಸಿದರೆ ತಾಯಿ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ಅಷ್ಟು ನಕ್ಕದ್ದನ್ನು ಯಾರೂ ಹಿಂದೆ ಕಂಡಿರಲಿಲ್ಲ.

ಈಗ ಅವಳ ಮಾತು ಎಲ್ಲರಿಗೂ ಕೇಳಿಸುತ್ತಿತ್ತಲ್ಲ, ಒಂದು ದಿನ ಅವಳು ಉಗ್ರಾಣಿಗೆ ಹೇಳಿದಳು. ಕಾಣದವಳಾಗಿದ್ದಾಗ ದಿಬ್ಬದ ಬುಡದ ಹೊಂಡಗಳಲ್ಲಿ ನುಸುಳಿ ಆಡಿದವಳು ಅವಳು. "ಅಜ್ಜಾ, ದಿಬ್ಬದ ಒಳಗೆ ಮಣ್ಣೇ ಇಲ್ಲ. ನಾನು ಒಳಗೆ ನಿಂತು ಕೈ ಎತ್ತಿದರೂ ಮೇಲೆ ತಾಗುವುದಿಲ್ಲ. ಬೇರು ನೇತಾಡುತ್ತದೆ. ಒಳಗೆ ನೀರಿನ ಸದ್ದು ಕೇಳುತ್ತದೆ."

ಉಗ್ರಾಣಿ ಕಾಲಿನಿಂದ ನೆಲವನ್ನು ಒಮ್ಮೆ ಕುಟ್ಟಿ ನೋಡಿದ.

"ಟೊಳ್ಳು ಅನ್ನುತ್ತೀಯಾ?"

"ಹೂಂ."

"ಟೊಳ್ಳಿನ ಒಂದು ಹಿಡಿ ತರಲಿಕ್ಕೆ ಆಗುತ್ತದಾ, ಮಗಾ?"

ಹುಡುಗಿ ತನ್ನ ಖಾಲಿ ಬೊಗಸೆ ನೋಡಿಕೊಂಡಳು. "ಇಲ್ಲ," ಎಂದಳು.

"ಹಾಗಾದರೆ ನಾನೇನು ಮಾಡಲಿ?" ಎಂದ ಉಗ್ರಾಣಿ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವತ್ತು ಅವನು ಮೇಣ ಕಾಯಿಸಿ ಯಾರದೋ ನಾಮಕರಣದ ಹಂಡೆಯ ಬಾಯಿ ಮೆತ್ತಿದ.

ಅಮಾವಾಸ್ಯೆಯ ಮಧ್ಯಾಹ್ನ, ಬಿಸಿಲು ಚುರುಗುಟ್ಟುವಾಗ, ನೀರು ಏರಿತು. ಅಂಗಳದ ಹೊಂಡಗಳು ತುಂಬಿ ಒಂದಕ್ಕೊಂದು ಸೇರಿದವು. ಬಾವಿಗಳು ಉಕ್ಕಿದವು. ಬಾಗಿಲ ಮುಂದೆ ತೊಳೆದಿಟ್ಟ ಬಟ್ಟಲುಗಳು ತೇಲಿದವು. ಉಗ್ರಾಣಿ ಕೊಂಬು ಊದಿದ. ಎಲ್ಲರೂ ಮಕ್ಕಳು ಮರಿ ಕಟ್ಟಿಕೊಂಡು ದಿಬ್ಬ ಹತ್ತಿದರು, ಓಡಲಿಲ್ಲ, ಗದ್ದಲ ಮಾಡಲಿಲ್ಲ. ಕುಡಿಕೆಮನೆಯ ಹೊಗೆಬಣ್ಣದ ಸಾಲುಗಳ ನಡುವೆ ತಂತಮ್ಮ ಕುಡಿಕೆ ಹುಡುಕಿ ಪಕ್ಕದಲ್ಲಿ ಕೂತರು. ಇನ್ನೇನು ಭಯ ಎಂಬಂತೆ ಎಲೆಯಡಿಕೆ ಬಿಚ್ಚಿದರು.

ಆಗ ನೆಲ ಒಮ್ಮೆ ಸದ್ದು ಮಾಡಿತು. ಕುಡಿಕೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ತಾಯಿ ಬಾಗಿಲಿಗೆ ಬಂದು ಕೆಳಗೆ ನೋಡಿದಳು. ದಿಬ್ಬದ ಬುಡದ ತೂತುಗಳಿಂದ ನೀರು ಒಳಗೆ ನುಗ್ಗುತ್ತಿತ್ತು, ಹೊರಗೆ ಬರುವಾಗ ಕೆಂಪಾಗಿ ಬರುತ್ತಿತ್ತು. ಮೆಟ್ಟಿಲ ಕೆಳಗೆ ನಮ್ಮ ದೋಣಿಯವನು ಕೋಲೂರಿ ನಿಂತು ಕೂಗುತ್ತಿದ್ದ. "ಬನ್ನಿ! ಎಷ್ಟು ಜನ ಆಗುತ್ತದೋ ಅಷ್ಟು ಬನ್ನಿ! ದಿಬ್ಬ ಕೂರುತ್ತಾ ಉಂಟು!" ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ, ಮಾತೇ ಆಡದ ಮನುಷ್ಯ. ಒಬ್ಬರೂ ಅಲುಗಲಿಲ್ಲ.

"ಒಡೆಯರೇ, ದಿಬ್ಬ ಬೀಳುತ್ತದೆ," ಎಂದಳು ತಾಯಿ.

"ಬಿದ್ದದ್ದಕ್ಕೆ ಮಣ್ಣುಂಟಾ?" ಎಂದ ಉಗ್ರಾಣಿ. ಅವನು ಅವಳ ಮುಖ ನೋಡಲಿಲ್ಲ.

"ನಾನು ಇರುತ್ತೇನೆ. ಮಗಳನ್ನು ಕಳಿಸುತ್ತೇನೆ. ದಾರಿ ಬಿಡಿ."

ಗಂಡಸರು ಎದ್ದು ಬಾಗಿಲಿಗೆ ಅಡ್ಡ ನಿಂತರು. ಚಿಕ್ಕಪ್ಪನೇ ಮುಂದೆ ಬಂದು ಲಚ್ಚುವಿನ ತೋಳು ಹಿಡಿದ, ಪ್ರೀತಿಯಿಂದಲೇ ಹಿಡಿದ. "ಅತ್ತಿಗೇ, ಏನು ಮರುಳು ನಿಮಗೆ? ನಮ್ಮ ಹುಡುಗಿ ಅವಳು. ಅವಳ ಕುಡಿಕೆ ಇಲ್ಲಿ ಉಂಟು. ನೀವೇ ತಂದು ಇಟ್ಟದ್ದು."

ಹೌದು. ಅವಳೇ ತಂದು ಇಟ್ಟದ್ದು.

ನೆಲ ಇನ್ನೊಮ್ಮೆ ಸದ್ದು ಮಾಡಿತು. ತಾಯಿ ಹಿಂದೆ ತಿರುಗಿ ಸಾಲುಗಳ ನಡುವೆ ನಡೆದಳು. ಮಗಳ ಕುಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಒಮ್ಮೆ ಅದನ್ನು ಕೆನ್ನೆಗೆ ಒತ್ತಿಕೊಂಡಳು, ಅಡ್ಡ ನಿಂತವರ ಸಂದಿಯಿಂದ ದೋಣಿಯವನಿಗೆ ಅಷ್ಟು ಕಂಡಿತು. ಆಮೇಲೆ ಹೊಸ್ತಿಲಿಗೆ ಅಪ್ಪಳಿಸಿದಳು. ಚೂರು ಚೂರಾಯಿತು. ಕೆಂಪು ಮಣ್ಣನ್ನು ಬಾಚಿ ಬಾಚಿ ನೀರಿಗೆ ಎಸೆದಳು, ಉಗುರಿನ ಸಂದಿಯದನ್ನೂ ಬಿಡದೆ ಕೊಡವಿದಳು. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ಉಗ್ರಾಣಿಯ ದನಿಯಲ್ಲೇ ಹೇಳಿದಳು:

"ನಾನು ಮಗಳನ್ನು ಹೆತ್ತಿಲ್ಲ. ಇಂಥವಳು ಒಬ್ಬಳು ಇಲ್ಲ. ನಡೆದಿಲ್ಲ."

ಸುತ್ತ ನಿಂತವರೆಲ್ಲ ಹೇಳಿದರು: ನಡೆದಿಲ್ಲ.

ಹೇಳಿದ ಕೂಡಲೇ ಚಿಕ್ಕಪ್ಪನ ಬೆರಳುಗಳು ಸಡಿಲವಾದವು. ತಾನು ಕೈ ಯಾಕೆ ಚಾಚಿದ್ದೇನೆ ಎಂದು ಅವನಿಗೇ ಅಚ್ಚರಿಯಾಯಿತು. ಬಾಗಿಲಲ್ಲಿದ್ದವರು ಹಿಂದೆ ಸರಿದು ಕೂತರು. ಅವರ ಪಾಲಿಗೆ ತಡೆಯಬೇಕಾದವರು ಅಲ್ಲಿ ಯಾರೂ ಇರಲಿಲ್ಲವಲ್ಲ.

ಲಚ್ಚು ಓಡಿ ಬಂದು ತಾಯಿಯ ಸೆರಗು ಹಿಡಿದಳು. "ಅಮ್ಮಾ!" ತಾಯಿ ತನ್ನ ಕುಡಿಕೆಯ ಪಕ್ಕ ಹೋಗಿ ಕೂತಳು. "ಅಮ್ಮಾ, ಇನ್ನು ಮರ ಹತ್ತುವುದಿಲ್ಲ. ಅಮ್ಮಾ, ನೋಡು ಇಲ್ಲಿ." ತಾಯಿ ಗೋಡೆ ನೋಡುತ್ತ ಎಲೆಗೆ ಸುಣ್ಣ ಸವರಿದಳು. ಒಮ್ಮೆ ತಿರುಗಿದರೆ, ಒಂದು ಓ ಎಂದರೆ, ಹುಡುಗಿ ಮತ್ತೆ ಹುಟ್ಟಿಬಿಡುತ್ತಿದ್ದಳು, ಮತ್ತೆ ಕೈಗಳು ಅವಳನ್ನು ಹಿಡಿಯುತ್ತಿದ್ದವು. ಹುಡುಗಿ ಸೆರಗು ಜಗ್ಗಿದಳು, ತಾಯಿಯ ಬೆನ್ನಿಗೆ ಗುದ್ದಿದಳು, ಕಚ್ಚಿದಳು. ತಾಯಿ ಎಲೆ ಮಡಚಿದಳು. ದೋಣಿಯವನು ಮೆಟ್ಟಿಲು ಹತ್ತಿ ಬಂದು, ಕೂತವರ ನಡುವೆಯೇ ನಡೆದು, ಹುಡುಗಿಯನ್ನು ಸೊಂಟಕ್ಕೆ ಅವಚಿ ಎತ್ತಿಕೊಂಡು ಹೋದ. ಅವಳ ಮುಷ್ಟಿಯಲ್ಲಿ ಸೆರಗಿನ ಚೂರು ಹರಿದು ಬಂತು. ಯಾರೂ ತಲೆಯೆತ್ತಲಿಲ್ಲ.

"ಯಾರೋ ಅತ್ತ ಹಾಗಾಯಿತಲ್ಲ?" ಎಂದು ಬಾವಿಕಟ್ಟೆಯ ಹೆಂಗಸು ಹೇಳಿದ್ದು ಮೆಟ್ಟಿಲಿಳಿಯುತ್ತಿದ್ದ ದೋಣಿಯವನಿಗೆ ಕೇಳಿಸಿತಂತೆ.

"ಇಲ್ಲಪ್ಪ," ಎಂದಳು ತಾಯಿ. "ನನಗೇನೂ ಕೇಳಿಸಲಿಲ್ಲ."

ದೋಣಿ ಮೀನುಗೂಟಗಳನ್ನು ದಾಟುವಾಗ ದಿಬ್ಬ ಕೂತಿತು. ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಮನೆ ಇದ್ದ ಹಾಗೆಯೇ, ಮಾಡು ಓರೆಯಾಗದೆ, ನೆಟ್ಟಗೆ ಕೆಳಗೆ ಇಳಿಯಿತು. ಆಮೇಲೆ ಅಳಿವೆಯ ನೀರೆಲ್ಲ ಕೆಂಪಾಯಿತು.

ಹುಡುಗಿ ಅಳುತ್ತಿರಲಿಲ್ಲ. ಸಿಟ್ಟಿನಿಂದ ಅವಳ ಮೈ ಅದುರುತ್ತಿತ್ತು.

"ಹೆತ್ತಿಲ್ಲವಂತೆ," ಎಂದಳು. "ಎಲ್ಲರ ಎದುರು ಹೇಳಿದಳು. ನನ್ನನ್ನು ಹೆತ್ತೇ ಇಲ್ಲವಂತೆ."

ದೋಣಿಯವನು ಕೋಲು ಹಾಕುವುದನ್ನು ನಿಲ್ಲಿಸಿದ.

"ಹೆತ್ತಿದ್ದಾಳೆ, ಮಗಾ," ಎಂದ. "ನಾನಿದ್ದೆ."